ಓಟಗಾರನ ಉಸಿರು ಅಳೆದ ವಿಜ್ಞಾನಿ, ಹಿಟ್ಲರ್ ಓಡಿಸಿದವರಿಗೆ ಆಸರೆಯಾದ ಮನುಷ್ಯ

ಕೈಗೆ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಓಡುವವರಿಗೆ ವಿಓ-ಟು ಮ್ಯಾಕ್ಸ್ ಅನ್ನೋ ಸಂಖ್ಯೆ ಗೊತ್ತೇ ಇರುತ್ತದೆ. ದೇಹ ಪೂರ್ತಿ ಕಸುವು ಹಾಕಿ ದುಡಿಯುವಾಗ ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದರ ಲೆಕ್ಕ ಅದು. ಮ್ಯಾರಥಾನ್ ಓಟಗಾರರಿಂದ ಹಿಡಿದು ಹೃದ್ರೋಗಿಗಳವರೆಗೆ ಎಲ್ಲರ ತ್ರಾಣವನ್ನೂ ಇವತ್ತು ಈ ಅಳತೆಗೋಲಿನಲ್ಲೇ ನೋಡುತ್ತಾರೆ. ಇದರ ಬೇರು ಇರುವುದು ನೂರು ವರ್ಷದ ಹಿಂದೆ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಒಂದು ಹುಲ್ಲಿನ ಟ್ರ್ಯಾಕಿನಲ್ಲಿ. ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಅಲ್ಲಿ ಸುತ್ತು ಹಾಕುತ್ತಿದ್ದವರು ಆರ್ಚಿಬಾಲ್ಡ್ ವಿವಿಯನ್ ಹಿಲ್. ಎ. ವಿ. ಹಿಲ್ ಎಂದೇ ಪ್ರಸಿದ್ಧರು.

ಕ್ರೀಡಾ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಹಿಲ್ ಹೆಸರು ಒಂದೆರಡು ಸಮೀಕರಣಗಳಿಗೆ ಅಂಟಿಕೊಂಡು ಉಳಿದಿದೆ. ಆದರೆ ಆ ಪುಸ್ತಕಗಳು ಹೇಳದ ಇನ್ನೊಂದು ಬದುಕು ಅವರಿಗಿತ್ತು. ಹುಟ್ಟಿನ ಆಧಾರದ ಮೇಲೆ ಮನುಷ್ಯರನ್ನು ವಿಂಗಡಿಸಿ ಹೊರಹಾಕುವ ಪ್ರಭುತ್ವ ಎದ್ದು ನಿಂತಾಗ, ಲ್ಯಾಬ್ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರದ ಬದುಕು ಅದು. ಅದೇ ಮನುಷ್ಯ ಭಾರತದ ವಿಷಯಕ್ಕೆ ಬಂದಾಗ ಎಡವಿದ್ದೂ ಉಂಟು. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಹಿಲ್ ಪೂರ್ತಿ ಅರ್ಥವಾಗುತ್ತಾರೆ.

ಕಪ್ಪೆಯ ಕಾಲಿನಿಂದ ಶುರು

ಹಿಲ್ ಹುಟ್ಟಿದ್ದು 1886ರ ಸೆಪ್ಟೆಂಬರ್ 26ರಂದು, ಬ್ರಿಸ್ಟಲ್‌ನಲ್ಲಿ. ತಂದೆ ಮರದ ವ್ಯಾಪಾರಿ. ಮಗನಿಗೆ ಮೂರು ವರ್ಷವಿದ್ದಾಗಲೇ ಮನೆ ಬಿಟ್ಟು ಹೋದರು. ಮಗನನ್ನೂ ಮಗಳನ್ನೂ ಬೆಳೆಸಿದ್ದು ತಾಯಿ ಏಡಾ ಒಬ್ಬರೇ. ಹುಡುಗ ಗಣಿತದಲ್ಲಿ ಚುರುಕು. ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋಗಿ ಗಣಿತದಲ್ಲಿ ಮೂರನೇ ರಾಂಗ್ಲರ್ ಆದರು. ಆದರೆ ಗಣಿತ ಅವರನ್ನು ಹಿಡಿದಿಡಲಿಲ್ಲ. ವಾಲ್ಟರ್ ಫ್ಲೆಚರ್ ಎಂಬ ಗುರು ಅವರನ್ನು ಶರೀರಕ್ರಿಯಾ ವಿಜ್ಞಾನದ ಕಡೆಗೆ ತಿರುಗಿಸಿದರು.

1909ರಲ್ಲಿ ಹಿಲ್ ಕೈಗೆ ಸಿಕ್ಕ ಪ್ರಶ್ನೆ ಇದು: ಸ್ನಾಯು ಕೆಲಸ ಮಾಡುವಾಗ ಎಷ್ಟು ಬಿಸಿಯಾಗುತ್ತದೆ, ಯಾವಾಗ ಬಿಸಿಯಾಗುತ್ತದೆ? ಕಪ್ಪೆಯ ಕಾಲಿನ ಸ್ನಾಯು ಒಂದು ಸಲ ಬಿಗಿದರೆ ಅದರ ತಾಪ ಏರುವುದು ಒಂದು ಡಿಗ್ರಿಯ ಸಾವಿರದಲ್ಲಿ ಕೆಲವೇ ಪಾಲು. ಅದನ್ನು ಹಿಡಿಯಲು ಅವರು ಬಳಸಿದ್ದು ಥರ್ಮೋಪೈಲ್ ಎಂಬ ಸಾಧನ. ಎರಡು ಬೇರೆ ಬೇರೆ ಲೋಹಗಳು ಕೂಡುವ ಜಾಗಕ್ಕೆ ಬಿಸಿ ತಗುಲಿದಾಗ ಹುಟ್ಟುವ ಸಣ್ಣ ವಿದ್ಯುತ್ತಿನಿಂದ ಅದು ತಾಪವನ್ನು ಲೆಕ್ಕ ಹಾಕುತ್ತದೆ.

ಅದರಿಂದ ಸಿಕ್ಕ ಫಲಿತಾಂಶ ಆಗಿನ ತಿಳುವಳಿಕೆಯನ್ನೇ ತಲೆಕೆಳಗು ಮಾಡಿತು. ಉಗಿಯಂತ್ರದಲ್ಲಿ ಮೊದಲು ಬಿಸಿ, ಆಮೇಲೆ ಕೆಲಸ. ಸ್ನಾಯುವಿನ ಕಥೆ ಹಾಗಲ್ಲ. ಬಿಗಿಯುವಾಗ ಒಂದಷ್ಟು ಬಿಸಿ ಹುಟ್ಟುತ್ತದೆ. ಬಿಗಿತ ಮುಗಿದ ಮೇಲೂ ನಿಮಿಷಗಟ್ಟಲೆ ಇನ್ನಷ್ಟು ಬಿಸಿ ಹೊರಬರುತ್ತಲೇ ಇರುತ್ತದೆ. ಈ ಎರಡನೆಯ ಬಿಸಿಗೆ ಆಮ್ಲಜನಕ ಬೇಕು. ಅಂದರೆ ಸ್ನಾಯು ಕೆಲಸವನ್ನು ಕಡ ತಂದು ಮಾಡುತ್ತದೆ, ಆಮೇಲೆ ಉಸಿರಾಡುತ್ತಾ ಆ ಕಡ ತೀರಿಸುತ್ತದೆ. ಇದೇ ಸಮಯದಲ್ಲಿ ಜರ್ಮನಿಯ ಓಟ್ಟೊ ಮೈಯರ್‌ಹಾಫ್ ಸ್ನಾಯುವಿನೊಳಗಿನ ರಾಸಾಯನಿಕ ಲೆಕ್ಕ ಹಾಕುತ್ತಿದ್ದರು. ಇಬ್ಬರ ಕೆಲಸ ಒಂದಕ್ಕೊಂದು ಹೊಂದಿಕೊಂಡಿತು. 1922ನೇ ಸಾಲಿನ ವೈದ್ಯಕೀಯ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಮೊದಲ ಮಹಾಯುದ್ಧ ಮುಗಿದು ನಾಲ್ಕೇ ವರ್ಷ. ಒಬ್ಬರು ಇಂಗ್ಲಿಷರು, ಇನ್ನೊಬ್ಬರು ಜರ್ಮನಿಯ ಯಹೂದಿ. ಆ ಯುದ್ಧದಲ್ಲಿ ಹಿಲ್ ಬ್ರಿಟಿಷ್ ಸೇನೆಗಾಗಿ ವಿಮಾನ ಹೊಡೆದುರುಳಿಸುವ ಗುಂಡುಗಳ ಗಣಿತ ಮಾಡಿದ್ದವರು ಅನ್ನೋದನ್ನೂ ಇಲ್ಲಿ ನೆನಪಿಡಬೇಕು.

ಟ್ರ್ಯಾಕೇ ಪ್ರಯೋಗಶಾಲೆ

1920ರಲ್ಲಿ ಹಿಲ್ ಮ್ಯಾಂಚೆಸ್ಟರ್‌ಗೆ ಪ್ರಾಧ್ಯಾಪಕರಾಗಿ ಹೋದರು. ಕಪ್ಪೆಯಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವೇ? ಪರೀಕ್ಷಿಸಲು ಅವರು ಆರಿಸಿಕೊಂಡದ್ದು ತಮ್ಮದೇ ದೇಹವನ್ನು. ತರುಣರಾಗಿದ್ದಾಗ ಒಳ್ಳೆಯ ಓಟಗಾರರಾಗಿದ್ದ ಅವರಿಗೆ ಈಗ ಮೂವತ್ತೈದು ದಾಟಿತ್ತು. ಸುತ್ತಳತೆ 85 ಮೀಟರ್ ಇದ್ದ ಹುಲ್ಲಿನ ಟ್ರ್ಯಾಕು. ಬೆನ್ನ ಮೇಲೆ ಡಗ್ಲಾಸ್ ಚೀಲ, ಬಾಯಿಗೆ ಕೊಳವೆ. ಬಿಟ್ಟ ಉಸಿರೆಲ್ಲ ಚೀಲಕ್ಕೆ. ಆಮೇಲೆ ಅದರಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿದರೆ ದೇಹ ಎಷ್ಟು ಬಳಸಿತು ಅನ್ನೋದು ಗೊತ್ತಾಗುತ್ತದೆ.

ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಏರುತ್ತಾ ಹೋಯಿತು. ಆದರೆ ನಿಮಿಷಕ್ಕೆ ಸುಮಾರು ನಾಲ್ಕು ಲೀಟರಿಗೆ ಬಂದು ನಿಂತುಬಿಟ್ಟಿತು. ಇನ್ನೂ ಜೋರಾಗಿ ಓಡಬಹುದಿತ್ತು, ಆದರೆ ಆಮ್ಲಜನಕ ಅದಕ್ಕಿಂತ ಹೆಚ್ಚಲಿಲ್ಲ. ಹೃದಯ, ಶ್ವಾಸಕೋಶ, ರಕ್ತ ಇವೆಲ್ಲ ಸೇರಿ ಒದಗಿಸಬಲ್ಲ ಆಮ್ಲಜನಕಕ್ಕೆ ಒಂದು ಮೇಲ್ಮಿತಿ ಇದೆ, ಅದು ಒಬ್ಬೊಬ್ಬರಿಗೆ ಒಂದೊಂದು ಥರ ಎಂದು ಹಿಲ್ ಮತ್ತು ಹಾರ್ಟ್ಲಿ ಲಪ್ಟನ್ 1923ರಲ್ಲಿ ಬರೆದರು. ಮಿತಿ ದಾಟಿದ ಮೇಲಿನ ಓಟ ಸಾಲದ ಮೇಲಿನ ಓಟ. ಅದಕ್ಕೇ ಓಟ ನಿಲ್ಲಿಸಿದ ಮೇಲೂ ನಾವು ಏದುಸಿರು ಬಿಡುತ್ತೇವೆ. ಇದನ್ನು ಅವರು ಆಕ್ಸಿಜನ್ ಸಾಲ ಎಂದು ಕರೆದರು.

ಅಲ್ಲಿಂದ ಮುಂದೆ ಹಿಲ್‌ಗೆ ಕ್ರೀಡಾಂಗಣವೇ ಪ್ರಯೋಗಶಾಲೆ. 1925ರಲ್ಲಿ ಓಟ, ಈಜು, ಸೈಕಲ್, ಸ್ಕೇಟಿಂಗ್, ಕುದುರೆ ಓಟ ಎಲ್ಲದರ ದಾಖಲೆಗಳನ್ನೂ ಗ್ರಾಫಿನ ಮೇಲೆ ಇಟ್ಟರು. ದೂರ ಹೆಚ್ಚಿದಂತೆ ವೇಗ ಮೊದಲು ಗಬಕ್ಕನೆ ಇಳಿಯುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ ಎಂದು ತೋರಿಸಿದರು. ಅಮೆರಿಕದ ಕಾರ್ನೆಲ್‌ನಲ್ಲಿ ಓಟಗಾರರ ಮೈಗೆ ಸಣ್ಣ ಆಯಸ್ಕಾಂತ ಕಟ್ಟಿ, ಟ್ರ್ಯಾಕಿನ ಪಕ್ಕ ಅಲ್ಲಲ್ಲಿ ತಂತಿಸುರುಳಿ ಇಟ್ಟರು. ಓಟಗಾರ ಒಂದೊಂದು ಸುರುಳಿ ದಾಟಿದಾಗಲೂ ವಿದ್ಯುತ್ ಮಿಡಿತ ದಾಖಲಾಗುತ್ತಿತ್ತು. ಕಣ್ಣಿಗೂ ಸ್ಟಾಪ್‌ವಾಚಿಗೂ ಸಿಗದ ವೇಗದ ಏರಿಳಿತ ಹೀಗೆ ಲೆಕ್ಕಕ್ಕೆ ಸಿಕ್ಕಿತು.

1938ರಲ್ಲಿ ಬಂದದ್ದು ಅವರ ಅತ್ಯಂತ ಪ್ರಸಿದ್ಧ ಪ್ರಬಂಧ. ತುಂಬಿದ ಕೊಡವನ್ನು ಖಾಲಿ ಕೊಡದಷ್ಟು ಬೇಗ ಎತ್ತೋಕಾಗಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಸ್ನಾಯುವಿನ ಮೇಲಿನ ಭಾರ ಹೆಚ್ಚಿದಂತೆ ಅದು ಕುಗ್ಗುವ ವೇಗ ಎಷ್ಟು ಕಡಿಮೆಯಾಗುತ್ತದೆ ಅನ್ನೋದಕ್ಕೆ ಹಿಲ್ ಒಂದು ಸರಳ ಸೂತ್ರ ಕೊಟ್ಟರು. ಸೈಕಲ್ಲಿನಲ್ಲಿ ಏರು ಬಂದಾಗ ಗೇರ್ ಯಾಕೆ ಬದಲಿಸಬೇಕು ಅನ್ನೋದನ್ನು ವಿವರಿಸೋದೂ ಇದೇ ಸೂತ್ರ. ಕೃತಕ ಕಾಲು ವಿನ್ಯಾಸ ಮಾಡುವವರೂ, ದೇಹದ ಚಲನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವವರೂ ಇವತ್ತಿಗೂ ಇದನ್ನು ಬಳಸುತ್ತಾರೆ.

ಹಾಗಂತ ಹಿಲ್ ಹೇಳಿದ್ದೆಲ್ಲ ನಿಲ್ಲಲಿಲ್ಲ. ಲ್ಯಾಕ್ಟಿಕ್ ಆಸಿಡ್ಡೇ ಸ್ನಾಯುವನ್ನು ಬಿಗಿಯುವಂತೆ ಮಾಡುತ್ತದೆ ಎಂದು ಅವರೂ ಮೈಯರ್‌ಹಾಫ್ ಅವರೂ ನಂಬಿದ್ದರು. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಸಿಡ್ ಹುಟ್ಟದಂತೆ ಮಾಡಿದ ಸ್ನಾಯುವೂ ಬಿಗಿಯುತ್ತದೆ ಎಂದು ತೋರಿಸಿದರು. ಅಷ್ಟರಲ್ಲಾಗಲೇ ಸ್ನಾಯುವಿನೊಳಗೆ ತಕ್ಷಣದ ಶಕ್ತಿ ಒದಗಿಸುವ ಫಾಸ್ಫೋಕ್ರಿಯಾಟಿನ್ ಪತ್ತೆಯಾಗಿತ್ತು. ಅದನ್ನು ಕಂಡವರಲ್ಲಿ ಹಾರ್ವರ್ಡ್‌ನಲ್ಲಿದ್ದ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಕೂಡ ಒಬ್ಬರು. ನೊಬೆಲ್ ತಂದುಕೊಟ್ಟ ಸಿದ್ಧಾಂತದ ದೊಡ್ಡ ಭಾಗವೇ ಕುಸಿದಿತ್ತು. ಹಿಲ್ ಅದನ್ನು ಮುಚ್ಚಿಡಲಿಲ್ಲ. ಸ್ನಾಯು ವಿಜ್ಞಾನದಲ್ಲಿ ಕ್ರಾಂತಿಯೇ ಆಗಿದೆ ಎಂದು 1932ರಲ್ಲಿ ತಾವೇ ಲೇಖನ ಬರೆದು ಒಪ್ಪಿಕೊಂಡರು. ತಮಾಷೆಯೆಂದರೆ, ನಮ್ಮ ಎಷ್ಟೋ ಜಿಮ್‌ಗಳಲ್ಲಿ ಮಾರನೇ ದಿನದ ಮೈಕೈ ನೋವಿಗೆ ಇನ್ನೂ ಲ್ಯಾಕ್ಟಿಕ್ ಆಸಿಡ್ಡನ್ನೇ ಬೈಯುತ್ತಾರೆ. ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಅದು ಕರಗಿಹೋಗಿರುತ್ತದೆ. ಹೃದಯ ಅದನ್ನೇ ಇಂಧನವಾಗಿ ಸುಡುತ್ತದೆ.

1933

ಆ ವರ್ಷದ ಏಪ್ರಿಲ್‌ನಲ್ಲಿ ಹಿಟ್ಲರ್ ಸರ್ಕಾರ ಒಂದು ಕಾನೂನು ತಂದಿತು. ಹೆಸರಿಗೆ ಸರ್ಕಾರಿ ಸೇವೆಯ ಸುಧಾರಣೆ. ಮಾಡಿದ ಕೆಲಸ, ಯಹೂದಿಗಳನ್ನೂ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ನೌಕರಿಯಿಂದ, ವಿಶ್ವವಿದ್ಯಾಲಯಗಳಿಂದ ಹೊರಹಾಕಿದ್ದು. ಎಷ್ಟೋ ಜರ್ಮನ್ ಪ್ರಾಧ್ಯಾಪಕರು ಬಾಯಿ ಬಿಡಲಿಲ್ಲ. ಕೆಲವರು ಖಾಲಿಯಾದ ಕುರ್ಚಿಗಳಿಗೆ ಸಾಲು ನಿಂತರು.

ಲಂಡನ್ನಿನಲ್ಲಿ ವಿಲಿಯಂ ಬೆವರಿಜ್ ಮೊದಲಾದವರು ಮೇ ತಿಂಗಳಲ್ಲೇ ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್ ಕಟ್ಟಿದರು. ರುದರ್‌ಫರ್ಡ್ ಅಧ್ಯಕ್ಷರು, ಹಿಲ್ ಉಪಾಧ್ಯಕ್ಷರು. ಕೆಲಸ ಕಳೆದುಕೊಂಡ ವಿದ್ವಾಂಸರಿಗೆ ಹಣ, ವೀಸಾ, ಒಂದು ಮೇಜು, ಒಂದು ಲ್ಯಾಬ್ ಹೊಂದಿಸಿಕೊಡುವುದು ಕೌನ್ಸಿಲ್ಲಿನ ಕೆಲಸ. ಬ್ರಿಟನ್ನಿನಲ್ಲೂ ಆಗ ನಿರುದ್ಯೋಗ ತಾಂಡವವಾಡುತ್ತಿತ್ತು. ನಮ್ಮವರಿಗೇ ಕೆಲಸವಿಲ್ಲ, ಹೊರಗಿನವರು ಯಾಕೆ ಅನ್ನೋ ಮಾತು ಅಲ್ಲೂ ಇತ್ತು.

ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಿಲ್ ಒಂದು ಉಪನ್ಯಾಸ ಕೊಟ್ಟರು. ವಿಜ್ಞಾನ ಯಾವ ಒಂದು ದೇಶದ್ದೂ ಅಲ್ಲ, ಜರ್ಮನಿಯಲ್ಲಿ ನಡೆಯುತ್ತಿರೋದು ವಿಜ್ಞಾನದ ಮೇಲಿನ ದಾಳಿ ಎಂದು ಬಿಡಿಸಿ ಹೇಳಿದರು. ಅದು ನೇಚರ್ ಪತ್ರಿಕೆಯಲ್ಲಿ ಬಂತು. ಕೆರಳಿದ ಯೊಹಾನ್ನೆಸ್ ಸ್ಟಾರ್ಕ್ ಉತ್ತರ ಬರೆದರು. ಅವರೂ ಸಾಮಾನ್ಯರಲ್ಲ, ಭೌತವಿಜ್ಞಾನದ ನೊಬೆಲ್ ಪಡೆದವರು; ಜೊತೆಗೆ ಕಟ್ಟಾ ನಾಜಿ. ಯಾರ ವೈಜ್ಞಾನಿಕ ಸ್ವಾತಂತ್ರ್ಯಕ್ಕೂ ಧಕ್ಕೆಯಾಗಿಲ್ಲ, ಸರ್ಕಾರ ತನ್ನ ವಿರೋಧಿಗಳನ್ನು ಅಂಕೆಯಲ್ಲಿಟ್ಟಿದೆ ಅಷ್ಟೇ ಎನ್ನುವ ಧಾಟಿಯ ವಾದ. ನಮಗೂ ಪರಿಚಿತವಾದ ಧಾಟಿಯೇ ಅಲ್ವಾ? ಹಿಲ್ ಅದೇ ಪತ್ರಿಕೆಯಲ್ಲಿ ಒಂದೊಂದನ್ನೂ ಎತ್ತಿಕೊಂಡು ಜವಾಬು ಕೊಟ್ಟರು. ಈ ಜಗಳ ಓದಿದ ಜನ ಕೌನ್ಸಿಲ್‌ಗೆ ಹಣ ಕಳಿಸತೊಡಗಿದಾಗ, ಅದಕ್ಕೂ ಸ್ಟಾರ್ಕ್ ಅವರಿಗೇ ಧನ್ಯವಾದ ಹೇಳಿ ಕುಟುಕಿದರು.

ಇಲ್ಲೊಂದು ವೈರುಧ್ಯ ಇದೆ, ಅದನ್ನು ಬಿಡಬಾರದು. ಅದೇ ಉಪನ್ಯಾಸದಲ್ಲಿ ಹಿಲ್, ವಿಜ್ಞಾನಿಗಳಿಗೆ ಸಮಾಜದಲ್ಲಿ ರಕ್ಷಣೆ ಬೇಕೆಂದರೆ ಅವರು ವಿಜ್ಞಾನಿಗಳಾಗಿ ರಾಜಕೀಯಕ್ಕೆ ಕೈಹಾಕಬಾರದು ಎಂದೂ ವಾದಿಸಿದ್ದರು. ಅವರು ಎಡಪಂಥೀಯರೂ ಅಲ್ಲ. 1940ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಷೇತ್ರದಿಂದ ಸಂಸತ್ತಿಗೆ ಹೋದದ್ದು ಸ್ವತಂತ್ರ ಕನ್ಸರ್ವೇಟಿವ್ ಆಗಿ. ಆದರೆ ರಾಜಕೀಯವೇ ಲ್ಯಾಬಿನೊಳಗೆ ನುಗ್ಗಿ ಯಾರು ಇರಬೇಕು ಯಾರು ಹೋಗಬೇಕು ಎಂದು ತೀರ್ಮಾನಿಸತೊಡಗಿದಾಗ, ತಟಸ್ಥ ಎಂಬ ಜಾಗವೇ ಉಳಿಯೋದಿಲ್ಲ ಅನ್ನೋದನ್ನು ಅವರ ನಡೆ ತೋರಿಸಿತು.

1935ರ ಫೆಬ್ರವರಿಯಲ್ಲಿ ಲೈಪ್‌ಜಿಗ್‌ನಿಂದ 23 ವರ್ಷದ ಯಹೂದಿ ಯುವಕನೊಬ್ಬ ಹಿಲ್ ಲ್ಯಾಬಿಗೆ ಬಂದ. ಯಾವ ದೇಶದ ಪೌರತ್ವವೂ ಇಲ್ಲದ ಬರ್ನಾರ್ಡ್ ಕಾಟ್ಜ್. ಹಿಲ್ ಅವನಿಗೆ ಕೆಲಸ ಕೊಟ್ಟರು, ಲಂಡನ್ನಿನ ಹೈಗೇಟ್‌ನ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಆ ಮನೆಯ ಒಡತಿ ಮಾರ್ಗರೆಟ್, ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಂಗಿ. ಬಡವರಿಗೆ, ವೃದ್ಧರಿಗೆ ವಸತಿ ಕಟ್ಟಿದ ಸಮಾಜಸೇವಕಿ. ಕೈ ಎತ್ತಿ ಸೆಲ್ಯೂಟ್ ಹೊಡೆಯುವ ಹಿಟ್ಲರ್ ಗೊಂಬೆಯೊಂದನ್ನು ಹಿಲ್ ತಮ್ಮ ಲ್ಯಾಬಿನಲ್ಲಿ ಇಟ್ಟುಕೊಂಡಿದ್ದರು, ಇಷ್ಟೊಂದು ಒಳ್ಳೆಯ ವಿಜ್ಞಾನಿಗಳನ್ನು ಕಳಿಸಿಕೊಟ್ಟದ್ದಕ್ಕೆ ಕೃತಜ್ಞತೆಯಂತೆ. ನರದಿಂದ ಸ್ನಾಯುವಿಗೆ ಸಂದೇಶ ಹೇಗೆ ದಾಟುತ್ತದೆ ಎಂದು ಕಂಡ ಕಾಟ್ಜ್ 1970ರಲ್ಲಿ ನೊಬೆಲ್ ಪಡೆದರು.

ನೊಬೆಲ್ ಹಂಚಿಕೊಂಡಿದ್ದ ಮೈಯರ್‌ಹಾಫ್ ಕೂಡ 1938ರಲ್ಲಿ ಜರ್ಮನಿ ಬಿಡಬೇಕಾಯಿತು. ಪ್ಯಾರಿಸ್‌ಗೆ ಹೋದರು, ಎರಡು ವರ್ಷಕ್ಕೆ ಪ್ಯಾರಿಸ್ಸೂ ಬಿತ್ತು. ಹಿಲ್ ಸೇರಿದಂತೆ ಗೆಳೆಯರ ಪ್ರಯತ್ನದಿಂದ ಕೊನೆಗೆ ಅಮೆರಿಕದ ಫಿಲಡೆಲ್ಫಿಯಾ ತಲುಪಿದರು. 1940ರಲ್ಲಿ ಬ್ರಿಟನ್ ಸರ್ಕಾರವೇ ಜರ್ಮನ್, ಆಸ್ಟ್ರಿಯನ್ ನಿರಾಶ್ರಿತರನ್ನು ಶತ್ರು ದೇಶದವರೆಂದು ಹಿಡಿದು ಶಿಬಿರಗಳಿಗೆ ತಳ್ಳಿತು. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದವರನ್ನೇ ಹಿಟ್ಲರ್‌ನ ಏಜೆಂಟರೆಂದು ಕೂಡಿಹಾಕುವ ಈ ಹುಚ್ಚಾಟದ ವಿರುದ್ಧವೂ ಹಿಲ್ ದನಿ ಎತ್ತಿದರು, ಈಗ ಸಂಸದರಾಗಿ.

ಈ ಅಲೆ ಬೆಂಗಳೂರಿಗೂ ತಾಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ವಿ. ರಾಮನ್, ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಇಲ್ಲಿಗೆ ಕರೆಸಿದರು. ಸುಮಾರು ಆರು ತಿಂಗಳು ಬಾರ್ನ್ ಬೆಂಗಳೂರಿನಲ್ಲಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸುವ ರಾಮನ್ ಪ್ರಯತ್ನಕ್ಕೆ ಸಂಸ್ಥೆಯೊಳಗೇ ವಿರೋಧ ಎದ್ದಿತು. ಬಾರ್ನ್ ವಾಪಸ್ ಹೋದರು, ಮುಂದೆ ಎಡಿನ್‌ಬರಾದಲ್ಲಿ ನೆಲೆ ಕಂಡರು. ಬಾಗಿಲು ತೆರೆಯುವವರು ಎಲ್ಲ ಕಡೆ ಇರುತ್ತಾರೆ, ಮುಚ್ಚುವವರೂ ಇರುತ್ತಾರೆ.

ಭಾರತದಲ್ಲಿ ಹಿಲ್

1943ರ ನವೆಂಬರ್‌ನಲ್ಲಿ ಹಿಲ್ ಭಾರತಕ್ಕೆ ಬಂದರು. ಯುದ್ಧದ ನಂತರ ಇಲ್ಲಿ ವಿಜ್ಞಾನ ಸಂಶೋಧನೆಯನ್ನು ಹೇಗೆ ಕಟ್ಟಬೇಕು ಎಂದು ಸಲಹೆ ಕೊಡಲು ಸರ್ಕಾರ ಕರೆಸಿತ್ತು. ಅದು ಬಂಗಾಳದ ಬರಗಾಲದ ವರ್ಷ. ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸಾಯುತ್ತಿದ್ದರು. ಸುಮಾರು ಐದು ತಿಂಗಳು ದೇಶ ಸುತ್ತಿದ ಹಿಲ್, 1944ರಲ್ಲಿ ವರದಿ ಕೊಟ್ಟರು. ಜನಸಂಖ್ಯೆ, ಆರೋಗ್ಯ, ಆಹಾರ, ನೈಸರ್ಗಿಕ ಸಂಪತ್ತು, ಈ ನಾಲ್ಕೂ ಒಂದೇ ಸಮಸ್ಯೆಯ ನಾಲ್ಕು ಮುಖ, ಬಿಡಿಬಿಡಿಯಾಗಿ ಬಿಡಿಸೋಕಾಗಲ್ಲ ಎನ್ನುವುದು ಅದರ ತಿರುಳು. ಉನ್ನತ ಮಟ್ಟದ ಅಖಿಲ ಭಾರತ ವೈದ್ಯಕೀಯ ಕೇಂದ್ರವೊಂದು ಬೇಕು ಎಂದರು. ಭೋರ್ ಸಮಿತಿಯೂ ಅದನ್ನೇ ಹೇಳಿತು. 1956ರಲ್ಲಿ ದೆಹಲಿಯ ಏಮ್ಸ್ ಆಗಿ ಅದು ನಿಂತಿತು. ಭಾರತೀಯ ವಿಜ್ಞಾನಿಗಳ ತಂಡವೊಂದು ಬ್ರಿಟನ್, ಅಮೆರಿಕ ನೋಡಿ ಬಂದದ್ದೂ ಈ ಭೇಟಿಯ ಬೆನ್ನಲ್ಲೇ. ಮೇಘನಾದ ಸಾಹಾ, ಭಟ್ನಾಗರ್ ಜೊತೆಗೆ ಆಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಘೋಷ್ ಕೂಡ ಆ ತಂಡದಲ್ಲಿದ್ದರು. ಮುಂದೆ ಖರಗ್‌ಪುರದ ಮೊದಲ ಐಐಟಿ ಕಟ್ಟಿದವರು ಅವರೇ.

ಎಂಟು ವರ್ಷದ ನಂತರ, 1952ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಬ್ರಿಟಿಷ್ ಅಸೋಸಿಯೇಷನ್‌ನ ಅಧ್ಯಕ್ಷ ಭಾಷಣ ಮಾಡುತ್ತಾ ಹಿಲ್ ಒಂದು ಪ್ರಶ್ನೆ ಎತ್ತಿದರು. ವೈದ್ಯ ವಿಜ್ಞಾನ ರೋಗಗಳನ್ನು ತಡೆದು ಜೀವ ಉಳಿಸುತ್ತದೆ. ಆದರೆ ಅದರಿಂದ ಭಾರತದಂಥ ದೇಶಗಳ ಜನಸಂಖ್ಯೆ ಏರಿ, ಮುಂದೆ ಹಸಿವು, ಅಶಾಂತಿ ಬರುವುದು ಖಚಿತವಾದರೆ, ಜೀವ ಉಳಿಸಿದ್ದು ಸರಿಯೇ? ಸಾಯಲು ಬಿಡಿ ಎಂದು ಅವರು ಹೇಳಲಿಲ್ಲ. ಉತ್ತರ ಕೊಡದೆ, ಅದನ್ನು ವಿಜ್ಞಾನದ ನೈತಿಕ ಸಂಕಟ ಎಂದು ಮುಂದಿಟ್ಟರು.

ಆದರೆ ಇಂಥ ಪ್ರಶ್ನೆಯನ್ನು ಯಾರ ಬಗ್ಗೆ ಕೇಳಲಾಗುತ್ತದೆ ಅನ್ನೋದೇ ರಾಜಕೀಯ. ಕಾಟ್ಜ್ ಬಾಗಿಲಿಗೆ ಬಂದಾಗ, ಇವನನ್ನು ಉಳಿಸಿದರೆ ಬ್ರಿಟನ್ನಿನ ಜನಸಂಖ್ಯೆ ಎಷ್ಟಾಗುತ್ತದೆ ಎಂದು ಹಿಲ್ ಲೆಕ್ಕ ಹಾಕಲಿಲ್ಲ. ಅಲ್ಲಿ ಕಂಡದ್ದು ಒಬ್ಬ ಮನುಷ್ಯ. ಭಾರತ ನೋಡಿದಾಗ ಕಂಡದ್ದು ಏರುತ್ತಿರುವ ಒಂದು ರೇಖೆ. ಬಂಗಾಳದಲ್ಲಿ ಜನ ಸತ್ತದ್ದು ಅವರು ಹೆಚ್ಚಾಗಿದ್ದಕ್ಕಲ್ಲ. ಯುದ್ಧಕಾಲದ ಬೆಲೆಯೇರಿಕೆ, ಕೂಲಿಕಾರರ ಕೈಯಲ್ಲಿ ಅಕ್ಕಿ ಕೊಳ್ಳಲು ಕಾಸಿಲ್ಲದ್ದು, ವಸಾಹತು ಸರ್ಕಾರದ ನೀತಿ ಇವೆಲ್ಲ ಸೇರಿ ಕೊಂದವು ಎಂದು ಮುಂದೆ ಅಮರ್ತ್ಯ ಸೇನ್ ಮೊದಲಾದವರು ತೋರಿಸಿಕೊಟ್ಟರು. ಹಿಲ್ ಅವರ ಭಯ ಅಂಕಿಗಳಲ್ಲೂ ನಿಲ್ಲಲಿಲ್ಲ. ಮಕ್ಕಳು ಬದುಕುಳಿಯುತ್ತಾರೆಂಬ ಭರವಸೆ ಬಂದಮೇಲೆ, ಹೆಣ್ಣುಮಕ್ಕಳು ಓದತೊಡಗಿದ ಮೇಲೆ, ಹೆರಿಗೆಗಳೇ ಕಡಿಮೆಯಾದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ಭಾರತದಲ್ಲಿ 2.0, ಕರ್ನಾಟಕದಲ್ಲಿ 1.7. ಜೀವ ಉಳಿಸೋದು ಸಮಸ್ಯೆಯಾಗಿರಲಿಲ್ಲ, ಪರಿಹಾರದ ಭಾಗವೇ ಆಗಿತ್ತು. ಇವತ್ತು ನಮ್ಮದೇ ನಾಯಕರು ಒಂದು ಸಮುದಾಯದ ಜನಸಂಖ್ಯೆ ತೋರಿಸಿ ಹೆದರಿಸುವಾಗಲೂ ಮನುಷ್ಯರನ್ನು ರೇಖೆಯಾಗಿಸುವ ಅದೇ ಕೆಲಸ ನಡೆಯುತ್ತಿರುತ್ತದೆ.

ಮಗಳು ಕಂಡ ಆನೇಕಲ್

ಹಿಲ್ 1977ರ ಜೂನ್ 3ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 90 ವರ್ಷ. ಅವರ ಮಗಳು ಪಾಲಿ ಹಿಲ್ ಘಾನಾದ ಕೋಕೋ ಬೆಳೆಗಾರರ ನಡುವೆ, ನೈಜೀರಿಯಾದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಹೆಸರಾಂತ ವಿದ್ವಾಂಸೆ. ಅವರು ಕರ್ನಾಟಕಕ್ಕೂ ಬಂದರು. ಬೆಂಗಳೂರಿನ ಪಕ್ಕದ ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ತೆಗೆದರು. ಯಾರಿಗೆ ಎಷ್ಟು ಜಮೀನು, ಯಾರು ಯಾರ ಹೊಲದಲ್ಲಿ ಕೂಲಿ, ಯಾವ ಜಾತಿಗೆ ಭೂಮಿಯೇ ಇಲ್ಲ ಎಂದು ನೋಡಿದರು. ನೈಜೀರಿಯಾದ ಹೌಸಾ ರೈತರನ್ನೂ ಇಲ್ಲಿನ ರೈತರನ್ನೂ ಹೋಲಿಸಿದ ಅವರ ಪುಸ್ತಕ 1982ರಲ್ಲಿ ಬಂತು. ಹಳ್ಳಿಗರನ್ನೆಲ್ಲ ಒಂದೇ ಮುದ್ದೆಯಾಗಿ ನೋಡುವ ಅರ್ಥಶಾಸ್ತ್ರಜ್ಞರ ಜೊತೆ ಅವರು ಕೊನೆವರೆಗೂ ಜಗಳವಾಡಿದರು. ಬಡತನ ಅರ್ಥವಾಗಬೇಕಾದರೆ ಮನೆಗಳ ನಡುವಿನ ಅಸಮಾನತೆಯನ್ನು ಮೊದಲು ನೋಡಿ ಅನ್ನೋದು ಅವರ ಹಟ.

ತಂದೆ ಬೆಲ್‌ಫಾಸ್ಟ್‌ನಲ್ಲಿ ಎತ್ತಿದ ಪ್ರಶ್ನೆಗೆ ಮಗಳ ಈ ಕೆಲಸದಲ್ಲಿ ಒಂದು ಉತ್ತರವಿದೆ ಅನ್ನಿಸುತ್ತದೆ. ತಂದೆಯ ಒಳ್ಳೆಯ ವಿಜ್ಞಾನವೂ ಅದೇ ದಾರಿಯದ್ದು: ಊಹೆ ಬಿಟ್ಟು, ಒಂದೊಂದೇ ದೇಹವನ್ನು, ಒಂದೊಂದೇ ಉಸಿರನ್ನು ಅಳೆದು ಮಾತಾಡೋದು.

1933ರಲ್ಲಿ ಕಟ್ಟಿದ ಕೌನ್ಸಿಲ್ ಇವತ್ತಿಗೂ ಬೇರೆ ಹೆಸರಿನಲ್ಲಿ ಬದುಕಿದೆ. ಸಿರಿಯಾ, ಅಫ್ಘಾನಿಸ್ತಾನ, ಉಕ್ರೇನ್‌ನಿಂದ ಓಡಿಬಂದ ಅಧ್ಯಾಪಕರಿಗೆ ನೆಲೆ ಹುಡುಕಿಕೊಡುತ್ತದೆ. ಅದು ಮೊದಲ ವರ್ಷಗಳಲ್ಲಿ ನೆರವಾದವರಲ್ಲಿ 16 ಮಂದಿಗೆ ನೊಬೆಲ್ ಬಂತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹೆಮ್ಮೆ ಸರಿಯೇ. ಆದರೆ ನೊಬೆಲ್ ಬಾರದವರಿಗೂ ಬದುಕುವ ಹಕ್ಕು ಅಷ್ಟೇ ಇತ್ತು. ವಾಚಿನಲ್ಲಿ ಆ ಸಂಖ್ಯೆ ನೋಡುವಾಗ ಹಿಲ್ ಅವರ ಈ ಎರಡು ಪಾಠಗಳೂ ನೆನಪಿರಲಿ: ಯಾರನ್ನು ಒಳಗೆ ಬಿಟ್ಟುಕೊಂಡರು ಅನ್ನೋದು ಒಂದು, ಯಾರನ್ನು ಬರೀ ಅಂಕಿಯಾಗಿ ಕಂಡರು ಅನ್ನೋದು ಇನ್ನೊಂದು.